ಮನೆ ಸ್ಟುಡಿಯೊ ಮೇಜಿಗೆ ಯಾವ ಕಟ್ಟಿಗೆ? ಸಾಗವಾನಿ, ಪ್ಲೈವುಡ್, ಎಂಡಿಎಫ್, ಹಳೆ ತೊಲೆಗಳ ಹೋಲಿಕೆ

ಮೈಕ್ ಬಂತು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಬಂತು, ಜೋಡಿ ಸ್ಪೀಕರ್ ಬಂದವು. ಇವನ್ನೆಲ್ಲ ಇಡುವ ಜಾಗ ಮಾತ್ರ ಇನ್ನೂ ಊಟದ ಟೇಬಲ್ಲೇ ಆಗಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮನೆಯ ಒಂದು ಕೋಣೆಯಲ್ಲಿ ಹಾಡು ಮುದ್ರಿಸಿಕೊಳ್ಳುವವರು ಈಗ ಇದೇ ಹಂತದಲ್ಲಿದ್ದಾರೆ. ಜಮಖಂಡಿಯ ಭಜನಾ ಮೇಳದವರೊಬ್ಬರು ಕೇಳುತ್ತಾರೆ: ಸಾಗವಾನಿಯಲ್ಲೇ ಮಾಡಿಸಿದರೆ ಧ್ವನಿ ಚೆನ್ನಾಗಿ ಬರುತ್ತದೆಯೇ? ವಿಜಯಪುರದ ತಬಲಾ ಮಾಸ್ತರರ ಪ್ರಶ್ನೆ: ನಾವು ನೆಲದ ಮೇಲೆ ಕೂರುವವರು, ನಮಗೆ ಕುರ್ಚಿ ಎತ್ತರದ ಮೇಜು ಯಾಕೆ? ಬೆಳಗಾವಿಯ ಶಹಾಪುರದಲ್ಲಿ ಬಾಡಿಗೆ ಮನೆಯಲ್ಲಿರುವ ಕೀಬೋರ್ಡ್ ವಾದಕರಿಗೆ ಬೇರೆ ಚಿಂತೆ. ಮನೆ ಬದಲಿಸುವಾಗ ಅದು ಮೆಟ್ಟಿಲಿನಲ್ಲಿ ಇಳಿಯುತ್ತದೆಯೇ?

ಮೂರೂ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಮೊದಲನೆಯದಕ್ಕೆ ಮಾತ್ರ ಈಗಲೇ ಹೇಳಿಬಿಡುತ್ತೇನೆ: ಇಲ್ಲ, ಬರುವುದಿಲ್ಲ. ಮೀರಜಿನಲ್ಲಿ ತಂಬೂರಿ ಮಾಡುವವರು ಅದರ ತಬಲಿಯನ್ನು (ಬುರುಡೆಯ ಮೇಲೆ ಮುಚ್ಚುವ ಹಲಗೆಯನ್ನು) ತೆಳ್ಳಗೆ ಮಾಡುವುದು ಕಟ್ಟಿಗೆ ಹಾಡಲಿ ಎಂದು. ಮೇಜಿನ ಕೆಲಸ ಅದಕ್ಕೆ ಸರಿಯಾಗಿ ತಿರುಗುಮುರುಗು. ಅದು ಬಾಯಿ ಮುಚ್ಚಿಕೊಂಡಿರಬೇಕು. ಯಾವ ಕಟ್ಟಿಗೆ ಎನ್ನುವುದಕ್ಕಿಂತ ಎಷ್ಟು ದಪ್ಪ, ಎಷ್ಟು ಅಗಲ, ಸ್ಪೀಕರ್ ಎಲ್ಲಿ ನಿಂತಿದೆ ಎನ್ನುವುದೇ ಕಿವಿಗೆ ಬೀಳುವ ವ್ಯತ್ಯಾಸ. ಕಟ್ಟಿಗೆಯ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಮಳೆಗಾಲ, ಭಾರ, ನಿಮ್ಮ ಕೈಯಲ್ಲಿರುವ ಉಪಕರಣ ಮತ್ತು ಹಣ.

ಯಾವುದನ್ನು ಅಳೆದು ನೋಡಬೇಕು

ಎಲ್ಲಕ್ಕಿಂತ ಮೊದಲು ಮೇಜಿನ ಮೇಲ್ಮೈಯಿಂದ ಪುಟಿಯುವ ಧ್ವನಿ. ಸ್ಪೀಕರಿನಿಂದ ಹೊರಟ ಧ್ವನಿ ನೇರವಾಗಿ ಒಮ್ಮೆ, ಮೇಜಿಗೆ ಬಡಿದು ಇನ್ನೊಮ್ಮೆ ಕಿವಿಗೆ ಬರುತ್ತದೆ. ಸ್ಪೀಕರಿನ ಕೋನ್ ಮೇಜಿನಿಂದ 25 ಸೆಂಟಿಮೀಟರ್ ಮೇಲೆ, ನಿಮ್ಮ ಕಿವಿ 40 ಸೆಂಟಿಮೀಟರ್ ಮೇಲೆ, ನಡುವೆ ಒಂದು ಮೀಟರ್ ದೂರ ಇದೆಯೆಂದುಕೊಳ್ಳಿ. ಪುಟಿದು ಬರುವ ಧ್ವನಿಯ ಹಾದಿ ನೇರ ಹಾದಿಗಿಂತ ಸುಮಾರು 18 ಸೆಂಟಿಮೀಟರ್ ಉದ್ದವಾಗುತ್ತದೆ. ಧ್ವನಿಯ ವೇಗ ಸೆಕೆಂಡಿಗೆ 343 ಮೀಟರ್ ಎಂದು ಹಿಡಿದರೆ, 940 ಹರ್ಟ್ಸ್ ಆಸುಪಾಸಿನಲ್ಲಿ ಎರಡೂ ಧ್ವನಿಗಳು ಒಂದನ್ನೊಂದು ಅಳಿಸಲು ತೊಡಗುತ್ತವೆ. ಮನುಷ್ಯನ ಕಂಠ, ಹಾರ್ಮೋನಿಯಂ ಎರಡರ ಸ್ಪಷ್ಟತೆಯೂ ಅಡಗಿರುವ ಜಾಗ ಇದು. ಅಲ್ಲಿ ಕುಳಿ ಬಿದ್ದಿದ್ದರೆ ನೀವು ತಿಳಿಯದೆ ಆ ಭಾಗವನ್ನು ಹೆಚ್ಚಿಸುತ್ತೀರಿ. ಹಾಡು ನಿಮ್ಮ ಕೋಣೆಯಲ್ಲಿ ಸರಿಯಾಗಿ, ಬೇರೆಯವರ ಮೊಬೈಲಿನಲ್ಲಿ ಕರ್ಕಶವಾಗಿ ಕೇಳುತ್ತದೆ. ಸಾಗವಾನಿ ಇರಲಿ, ಸನ್‌ಮೈಕಾ ಅಂಟಿಸಿದ ಹಲಗೆ ಇರಲಿ, ಇಳಕಲ್ಲಿನ ಕೆಂಪು ಗ್ರಾನೈಟೇ ಇರಲಿ, ಈ ಪುಟಿತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಮೇಜು ಕಡಿಮೆ ಅಗಲವಿರಬೇಕು, ಸ್ಪೀಕರ್ ಮೇಜಿನ ಮೇಲಲ್ಲದೆ ಅದರ ಹಿಂದೆ ಪ್ರತ್ಯೇಕ ಸ್ಟ್ಯಾಂಡಿನ ಮೇಲಿರಬೇಕು. ಮದ್ದು ಇಷ್ಟೇ.

ಅಗಲವನ್ನು ಇನ್ನೊಂದು ಲೆಕ್ಕವೂ ಕಟ್ಟಿಹಾಕುತ್ತದೆ. ಆಯತಾಕಾರದ ಕೋಣೆಯಲ್ಲಿ ಚಿಕ್ಕ ಗೋಡೆಗೆ ಮುಖ ಮಾಡಿ, ಆ ಗೋಡೆಯಿಂದ ಕೋಣೆಯ ಉದ್ದದ ಶೇಕಡಾ 38ರಷ್ಟು ದೂರದಲ್ಲಿ ಕೂರುವುದು ಒಳ್ಳೆಯ ಆರಂಭ ಎನ್ನುತ್ತಾರೆ. ಹನ್ನೆರಡು ಫೂಟಿನ ಕೋಣೆಯಲ್ಲಿ ಅದು ಸುಮಾರು ನಾಲ್ಕೂವರೆ ಫೂಟು, ಅಂದರೆ 54 ಇಂಚು. ಕಿವಿಯಿಂದ ಮೇಜಿನ ಅಂಚಿಗೆ ಎಂಟು ಇಂಚು, ಮೇಜು ಎರಡು ಫೂಟು ಎಂದು ಕಳೆದರೆ ಹಿಂದೆ 22 ಇಂಚು ಉಳಿಯುತ್ತದೆ; ಸ್ಪೀಕರ್ ಸ್ಟ್ಯಾಂಡಿಗೆ ಸಾಕು. ಮೇಜನ್ನು ಎರಡೂವರೆ ಫೂಟು ಮಾಡಿದಿರೋ, ಉಳಿಯುವುದು 16 ಇಂಚು. ಸ್ಪೀಕರ್ ಗೋಡೆಗೆ ಅಂಟಿಕೊಂಡು ಕೆಳಸ್ವರಗಳೆಲ್ಲ ಉಬ್ಬುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ಹತ್ತು, ಹನ್ನೆರಡು ಫೂಟಿನ ಕೋಣೆಗಳೇ ಹೆಚ್ಚು. ಆದ್ದರಿಂದ ಐದು ಫೂಟು ಉದ್ದ, ಎರಡು ಫೂಟು ಅಗಲದ ಮೇಜನ್ನೇ ಈ ಬರಹದ ಉದ್ದಕ್ಕೂ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ.

ಎರಡನೆಯದು ಬಾಗುವಿಕೆ. ಹಲಗೆಯ ದಪ್ಪವನ್ನು ಇಮ್ಮಡಿ ಮಾಡಿದರೆ ಬಾಗುವುದು ಎಂಟನೇ ಒಂದಕ್ಕೆ ಇಳಿಯುತ್ತದೆ. ನಡುವೆ ಭಾರವಿಟ್ಟು ಕಾಲುಗಳ ನಡುವಿನ ದೂರವನ್ನು ಇಮ್ಮಡಿ ಮಾಡಿದರೆ ಎಂಟು ಪಟ್ಟು ಏರುತ್ತದೆ. ಎಂಡಿಎಫ್ ಎಂದರೆ ಕಟ್ಟಿಗೆಯ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ; ಒಂದೇ ದಪ್ಪದಲ್ಲಿ ಅದು ಸಾಗವಾನಿಗಿಂತ ಸುಮಾರು ಮೂರು ಪಟ್ಟು ಬಾಗುತ್ತದೆ. ಪ್ಲೈವುಡ್ ಇವೆರಡರ ನಡುವೆ ನಿಲ್ಲುತ್ತದೆ. ದುರ್ಬಲ ಹಲಗೆಯನ್ನು ದಪ್ಪ ಮಾಡಿ, ಕೆಳಗೊಂದು ಅಡ್ಡಪಟ್ಟಿ ಕೊಟ್ಟರೆ ಈ ಕೊರತೆಯನ್ನು ತುಂಬಬಹುದು.

ಮೂರನೆಯದು ತೇವ. ಇಲ್ಲಿ ನಮ್ಮ ಮೂರು ಊರುಗಳು ಬೇರೆಯಾಗುತ್ತವೆ. ಬೆಳಗಾವಿ ಘಟ್ಟದ ಅಂಚಿನಲ್ಲಿದೆ; ವರ್ಷಕ್ಕೆ ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಖಾನಾಪುರದ ಕಡೆ ಹೋದರೆ ಇನ್ನೂ ಹೆಚ್ಚು. ವಿಜಯಪುರ, ಬಾಗಲಕೋಟೆಗಳಲ್ಲಿ ಮಳೆ ಅದರ ಅರ್ಧದಷ್ಟು, ಬೇಸಿಗೆಯ ಒಣ ಬಿಸಿ ಮಾತ್ರ ಮೈ ಬಿರಿಸುವಷ್ಟು. ಒಂದು ಕಡೆ ಕಟ್ಟಿಗೆ ಉಬ್ಬುವ ಭಯ, ಇನ್ನೊಂದು ಕಡೆ ಬಿರುಕು ಬಿಡುವ ಭಯ.

ಉಳಿದ ಮಾನದಂಡಗಳಿಗೆ ವಿವರಣೆ ಬೇಡ: ನೀವೇ ಮಾಡಿಕೊಳ್ಳುತ್ತೀರೋ ಬಡಿಗೇರರನ್ನು ಕರೆಯುತ್ತೀರೋ, ಸ್ವಂತ ಮನೆಯೋ ಬಾಡಿಗೆಯೋ, ಕಿಸೆಯಲ್ಲಿ ಎಷ್ಟಿದೆ.

ಸಾಗವಾನಿ

ದಾಂಡೇಲಿ ನಮಗೆ ಪಕ್ಕದಲ್ಲೇ ಇರುವುದರಿಂದ ಸಾಗವಾನಿ ಎಂದರೆ ಇಲ್ಲಿಯವರಿಗೆ ಒಂದು ಮೋಹ. ಮೋಹಕ್ಕೆ ಕಾರಣವೂ ಇದೆ. ಅದರ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಕಟ್ಟಿಗೆಗೆ, ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಎಣ್ಣೆಯ ಅಂಶವಿರುವುದರಿಂದ ತೇವಕ್ಕೆ ಬೇಗ ಸೋಲುವುದಿಲ್ಲ, ಉಳಿ ಮತ್ತು ಉಜ್ಜುಗೊರಡಿಗೆ ಒಗ್ಗುತ್ತದೆ. ಆದರೆ ಅಂಗಡಿಯಲ್ಲಿ ಸಾಗವಾನಿ ಎಂದು ಕೊಡುವುದರಲ್ಲಿ ಹೊರಗಿನ ಬಿಳಿ ಭಾಗವೂ ಸೇರಿರುತ್ತದೆ. ಹುಳು ಮೊದಲು ಹಿಡಿಯುವುದು ಅದನ್ನೇ. ಬಿಳಿ ಭಾಗಕ್ಕೆ ಚೇಗಿನ ದರ ಕೊಡುವುದು ಅನ್ಯಾಯ ಎಂದು ನಾನು ಕಟ್ಟಿಗೆ ಅಡ್ಡೆಯಲ್ಲಿ ನಿಂತು ವಾದ ಮಾಡುವವನು. ನೀವೂ ಮಾಡಿ.

ಸಾಗವಾನಿಯೂ ಹಿಗ್ಗುತ್ತದೆ, ಕುಗ್ಗುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಹಸಿ ಸ್ಥಿತಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಅದು ವಾರ್ಷಿಕ ಉಂಗುರಗಳ ದಿಕ್ಕಿನಲ್ಲಿ ಸುಮಾರು ಶೇ 5.8, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಶೇ 2.5ರಷ್ಟು ಕುಗ್ಗುತ್ತದೆ. ಬೇರೆ ಹಲವು ಮರಗಳಿಗೆ ಹೋಲಿಸಿದರೆ ಇದು ಕಡಿಮೆ. ಆದರೂ ಎರಡು ಫೂಟು ಅಗಲದ ಮೇಲ್ಮೈಯನ್ನು ಸಾಮಾನ್ಯ ಕೊಯ್ತದ ಹಲಗೆಗಳಿಂದ ಮಾಡಿ, ಬೇಸಿಗೆಗೂ ಮಳೆಗಾಲಕ್ಕೂ ಕಟ್ಟಿಗೆಯ ತೇವದಲ್ಲಿ ಶೇ 5ರಷ್ಟು ಅಂತರವಾದರೆ ಅಗಲದಲ್ಲಿ ಐದಾರು ಮಿಲಿಮೀಟರ್ ಬದಲಾಗುತ್ತದೆ. ಮೇಲ್ಮೈಯನ್ನು ಚೌಕಟ್ಟಿಗೆ ಅಂಟು ಹಾಕಿ ಬಿಗಿದಿದ್ದರೆ ಈ ಐದಾರು ಮಿಲಿಮೀಟರಿಗೆ ಹೋಗಲು ಜಾಗವಿಲ್ಲ. ಹಲಗೆ ಕಮಾನಾಗುತ್ತದೆ, ಇಲ್ಲವೇ ನಡುವೆ ಸೀಳುತ್ತದೆ. ಆದ್ದರಿಂದ ಅಡ್ಡಪಟ್ಟಿಯಲ್ಲಿ ಸ್ಕ್ರೂವಿಗೆ ದುಂಡು ತೂತಿನ ಬದಲು ಅಗಲದ ದಿಕ್ಕಿನಲ್ಲಿ ಉದ್ದನೆಯ ತೂತು ಕೊರೆಯಿರಿ, ಅಂಟು ಬೇಡ. ಬಡಿಗೇರರು ‘ಏನೂ ಆಗುವುದಿಲ್ಲ, ಸಾಗವಾನಿ’ ಎಂದರೂ ಕೇಳಬೇಡಿ.

ಖರ್ಚನ್ನು ರೂಪಾಯಿಯಲ್ಲಿ ಬರೆದರೆ ನೀವು ಓದುವಷ್ಟರಲ್ಲಿ ಹಳತಾಗುತ್ತದೆ. ಪ್ರಮಾಣ ಹೇಳುತ್ತೇನೆ, ಅಂದಿನ ದರದಿಂದ ನೀವೇ ಗುಣಿಸಿ. ಒಂದೂವರೆ ಇಂಚು ದಪ್ಪದ ಮೇಲ್ಮೈ, ಮೂರು ಇಂಚಿನ ನಾಲ್ಕು ಕಾಲು, ಅಡ್ಡಪಟ್ಟಿಗಳು, ಕೀಬೋರ್ಡ್ ತಟ್ಟೆ, ಕಂಪ್ಯೂಟರ್ ಪರದೆ ಇಡುವ ಮೇಲಿನ ಹಲಗೆ ಎಲ್ಲ ಸೇರಿ, ಕೊಯ್ದು ಉಜ್ಜುವಾಗ ಹೋಗುವುದನ್ನೂ ಲೆಕ್ಕಕ್ಕೆ ಹಿಡಿದರೆ ಸುಮಾರು ನಾಲ್ಕು ಘನ ಅಡಿ ಬೇಕು. ಇದರ ಮೇಲೆ ಬಡಿಗೇರರ ಕೂಲಿ, ಪಾಲಿಶ್. ಸ್ವಂತ ಮನೆ, ಉಳಿಯುವ ಸಾಮಾನು, ನೋಡಲು ಚೆಂದವಿರಬೇಕು ಎಂಬ ಆಸೆ ಮೂರೂ ಇದ್ದರೆ ಖರ್ಚು ಮಾಡಿ. ಧ್ವನಿಗಾಗಿ ಎಂದುಕೊಂಡು ಮಾಡಬೇಡಿ. ಆ ಹಣದ ಅರ್ಧವನ್ನು ಸ್ಪೀಕರ್ ಸ್ಟ್ಯಾಂಡಿಗೂ ಧ್ವನಿ ಹೀರುವ ಗೋಡೆಯ ಗಾದಿಗಳಿಗೂ ಹಾಕಿದರೆ ಕಿವಿಗೆ ಹೆಚ್ಚು ಲಾಭ.

ಪ್ಲೈವುಡ್ ಮೇಲ್ಮೈ, ಕಟ್ಟಿಗೆಯ ಕಾಲು

ಒಂದೇ ಮಾತಿನಲ್ಲಿ ಹೇಳು ಎಂದರೆ ಇದನ್ನೇ ಹೇಳುತ್ತೇನೆ. ಪ್ಲೈವುಡ್ಡಿನ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಕೂತಿರುವುದರಿಂದ ಋತು ಬದಲಾದರೂ ಅದು ಅಗಲದಲ್ಲಿ ಬಹುತೇಕ ಕದಲುವುದಿಲ್ಲ. ಮೇಲೆ ಹೇಳಿದ ಉದ್ದ ತೂತಿನ ತಾಪತ್ರಯವೇ ಇಲ್ಲ.

8 ಫೂಟು ಉದ್ದ, 4 ಫೂಟು ಅಗಲದ 18 ಮಿಲಿಮೀಟರ್ ಹಲಗೆ ಒಂದೇ ಸಾಕಾಗುತ್ತದೆ ಎಂಬುದು ಇದರ ದೊಡ್ಡ ಅನುಕೂಲ. ಉದ್ದದಲ್ಲಿ ಐದು ಫೂಟಿಗೆ ಕತ್ತರಿಸಿ, ಆ ತುಂಡನ್ನು ನಡುವೆ ಸೀಳಿದರೆ ಐದು ಫೂಟು ಉದ್ದ, ಎರಡು ಫೂಟು ಅಗಲದ ಎರಡು ತುಂಡು. ಅವೆರಡನ್ನೂ ಅಂಟಿಸಿದರೆ 36 ಮಿಲಿಮೀಟರ್ ದಪ್ಪದ ಮೇಲ್ಮೈ ಸಿದ್ಧ. ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುವುದಿಲ್ಲ. ಉಳಿಯುವುದು ನಾಲ್ಕು ಫೂಟು ಉದ್ದ, ಮೂರು ಫೂಟು ಅಗಲದ ತುಂಡು. ಅದರಲ್ಲಿ ಒಂದು ಫೂಟಿನ ಕೀಬೋರ್ಡ್ ತಟ್ಟೆ, ಹತ್ತು ಇಂಚಿನ ಪರದೆ ಹಲಗೆ, ಹಿಂಬದಿಯಲ್ಲಿ ಮೇಜು ಅಲುಗದಂತೆ ತಡೆಯುವ ಒಂದು ಫೂಟಿನ ಪಟ್ಟಿ ಮೂರೂ ಬರುತ್ತವೆ. ಕಾಲು, ಅಡ್ಡಪಟ್ಟಿಗೆ ಒಂದೂವರೆ ಘನ ಅಡಿ ಕಟ್ಟಿಗೆ. ನಾಲ್ಕು ಘನ ಅಡಿ ಸಾಗವಾನಿಯ ಬೆಲೆಯ ಪಕ್ಕ ಇದನ್ನಿಟ್ಟು ನೋಡಿ, ಅಂತರ ತಾನೇ ಕಾಣುತ್ತದೆ.

ದರ್ಜೆಯ ವಿಷಯದಲ್ಲಿ ಅಂಗಡಿಯವರ ಬಾಯಿಮಾತಿಗಿಂತ ಹಲಗೆಯ ಮೇಲಿನ ಐಎಸ್‌ಐ ಮುದ್ರೆ ನೋಡಿ. ಐಎಸ್ 710 ಎಂದರೆ ಮರೀನ್ ದರ್ಜೆ, 72 ಗಂಟೆ ಕುದಿಯುವ ನೀರಿನ ಪರೀಕ್ಷೆಗೆ ಅಂಟು ತಡೆಯಬೇಕಾದದ್ದು. ಐಎಸ್ 303 ಸಾಮಾನ್ಯ ಬಳಕೆಯದು, ಅದರಲ್ಲಿ ಎಂಆರ್ ದರ್ಜೆ ಮನೆಯೊಳಗಿನ ತೇವವನ್ನಷ್ಟೇ ತಡೆಯುತ್ತದೆ. ಬೆಳಗಾವಿ, ಖಾನಾಪುರ ಕಡೆಯವರು, ಅದರಲ್ಲೂ ಗೋಡೆ ಮಳೆಗಾಲದಲ್ಲಿ ಬೆವರುವ ನೆಲಮಹಡಿಯ ಕೋಣೆಯಿದ್ದರೆ, 710ಕ್ಕೆ ಹೆಚ್ಚಿನ ಹಣ ಕೊಡಿ. ವಿಜಯಪುರದ ಒಣ ಕೋಣೆಗೆ 303 ಸಾಕು. ಉಳಿದ ಹಣದಲ್ಲಿ ಒಳ್ಳೆಯ ಕೇಬಲ್ ತನ್ನಿ.

ಕೊರತೆಗಳೂ ಇವೆ. ಕತ್ತರಿಸಿದ ಅಂಚು ಪದರಪದರವಾಗಿ ಕಾಣುತ್ತದೆ. ತೆಳು ಕಟ್ಟಿಗೆ ಪಟ್ಟಿ ಅಂಟಿಸಿ ಮುಚ್ಚಬೇಕು. ಅಗ್ಗದ ಹಲಗೆಯ ಒಳಪದರಗಳಲ್ಲಿ ಖಾಲಿ ಜಾಗಗಳಿರುತ್ತವೆ, ಕೆಲವು ಸ್ವರಗಳಿಗೆ ಅಲ್ಲಿಂದಲೇ ಜರ್ ಎನ್ನುವ ಸದ್ದು ಹೊರಡುತ್ತದೆ. ಕೊಳ್ಳುವಾಗ ಅಂಚನ್ನು ಕಣ್ಣಿಟ್ಟು ನೋಡಿ, ಹಲಗೆಯ ಉದ್ದಗಲಕ್ಕೂ ತಟ್ಟಿ ಕೇಳಿ. ಸಂಗೀತಗಾರರ ಕಿವಿ ಇಲ್ಲಿ ಬಡಿಗೇರರಿಗಿಂತ ಚುರುಕು. ಮೇಲೆ ಸನ್‌ಮೈಕಾ ಹಾಕುವುದಾದರೆ ಹೊಳಪಿಲ್ಲದ್ದನ್ನು ಆರಿಸಿ. ಪರದೆಯ ಬೆಳಕು ಪ್ರತಿಫಲಿಸಿ ಕಣ್ಣು ಕುಕ್ಕುವುದು ತಪ್ಪುತ್ತದೆ.

ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡ್

ಸ್ಪೀಕರ್ ಪೆಟ್ಟಿಗೆಗಳನ್ನೇ ಎಂಡಿಎಫ್‌ನಿಂದ ಮಾಡುತ್ತಾರಲ್ಲ, ಮೇಜಿಗೇಕೆ ಬೇಡ ಎಂಬ ಪ್ರಶ್ನೆ ನ್ಯಾಯವಾದದ್ದು. ಅದರ ಮೈ ಎಲ್ಲೆಡೆ ಒಂದೇ ಹದ, ಒಳಗೆ ಟೊಳ್ಳಿಲ್ಲ, ಕಂಪನ ಬೇಗ ಅಡಗುತ್ತದೆ, ಅಂಚು ನುಣುಪಾಗಿ ಬರುತ್ತದೆ, ಬಣ್ಣ ಹಚ್ಚಲು ಇದಕ್ಕಿಂತ ಒಳ್ಳೆಯ ಮೇಲ್ಮೈ ಇಲ್ಲ. ಬೆಲೆಯೂ ಒಳ್ಳೆಯ ಪ್ಲೈವುಡ್ಡಿಗಿಂತ ಎದ್ದು ಕಾಣುವಷ್ಟು ಕಡಿಮೆ. ಆದರೆ ಸ್ಪೀಕರ್ ಪೆಟ್ಟಿಗೆ ಚಿಕ್ಕದು, ಮೇಜು ಐದು ಫೂಟಿನದು. ಎಂಡಿಎಫ್ ಬಾಗುತ್ತದೆ, ತೂಕ ಹೆಚ್ಚು (18 ಮಿಲಿಮೀಟರಿನ ಪೂರ್ತಿ ಹಲಗೆ 40 ಕಿಲೊ ಆಸುಪಾಸು), ಅಂಚಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ. ಒಮ್ಮೆ ಬಿಚ್ಚಿ ಮತ್ತೆ ಹಾಕಿದರೆ ಹಿಡಿತವೇ ಇರುವುದಿಲ್ಲ, ಹಾಗಾಗಿ ಬಾಡಿಗೆದಾರರಿಗೆ ಹೇಳಿದ್ದಲ್ಲ. ನೀರು ಬಿದ್ದ ಅಂಚು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಕೊಯ್ಯುವಾಗ ಏಳುವ ಧೂಳು ಎದೆಗೆ ಕೆಟ್ಟದ್ದು. ಮಾಸ್ಕ್ ಹಾಕಿ, ಹೊರಗೆ ಅಂಗಳದಲ್ಲಿ ಕೊಯ್ಯಿರಿ.

ವಿಜಯಪುರ, ಬಾಗಲಕೋಟೆಯ ಒಣ ಕೋಣೆಯಲ್ಲಿ, ಕಾಲುಗಳ ನಡುವೆ ಮೂರೂವರೆ ಫೂಟಿಗಿಂತ ಹೆಚ್ಚು ದೂರವಿಲ್ಲದಂತೆ ಮಾಡಿ, ಎಲ್ಲ ಅಂಚುಗಳನ್ನೂ ಬಣ್ಣದಿಂದ ಮುಚ್ಚಿದರೆ ಎಂಡಿಎಫ್ ನಡೆಯುತ್ತದೆ. ಬೆಳಗಾವಿಗೆ ಬೇಡ. ಕಟ್ಟಿಗೆಯ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಎಲ್ಲಿಗೂ ಬೇಡ.

ಹಳೆ ಮನೆಯ ತೊಲೆ, ಜಂತಿ

ಬಾಗಲಕೋಟೆ, ವಿಜಯಪುರ ಕಡೆಯ ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವಿ ಸ್ಲ್ಯಾಬ್ ಹಾಕಿಸುವಾಗ ತೊಲೆ, ಜಂತಿ, ಕಂಬ, ಬಾಗಿಲ ಚೌಕಟ್ಟು ಹೊರಬರುತ್ತವೆ. ನಿಮ್ಮದೇ ಊರಿನ ಮನೆಯದ್ದೋ ಸೋದರಮಾವನ ಮನೆಯದ್ದೋ ಹಿತ್ತಲಲ್ಲಿ ಬಿದ್ದಿರಬಹುದು. ತಲೆಮಾರುಗಳ ಕಾಲ ಸೂರಿನಡಿ ಒಣಗಿದ ಇಂಥ ಕಟ್ಟಿಗೆ ಇನ್ನು ಹೆಚ್ಚು ಕುಗ್ಗುವುದಿಲ್ಲ. ಹೊಸದಾಗಿ ಕೊಯ್ದ ಸಾಗವಾನಿಗಿಂತ ಇದು ನಂಬಿಕಸ್ಥ. ಬೆಲೆ ಕಡಿಮೆ, ಮನೆಯದ್ದೇ ಆದರೆ ಪುಕ್ಕಟೆ.

ಕಷ್ಟ ಇರುವುದು ಒಳಗೆ ಅಡಗಿರುವ ಮೊಳೆಗಳಲ್ಲಿ. ಒಂದು ತುಕ್ಕು ಮೊಳೆ ಸಾಕು ಗರಗಸದ ಚಕ್ರದ ಹಲ್ಲು ಮುರಿಯಲು. ಅದಕ್ಕೇ ಸಾ ಮಿಲ್ಲಿನವರು ಹಳೆ ಕಟ್ಟಿಗೆ ಎಂದರೆ ಮುಖ ತಿರುಗಿಸುತ್ತಾರೆ, ಅಥವಾ ಚಕ್ರ ಕೆಟ್ಟರೆ ನಿಮ್ಮದೇ ಜವಾಬ್ದಾರಿ ಎನ್ನುತ್ತಾರೆ. ಶಕ್ತಿಯುತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಮೈಮೇಲೆ ಎಳೆದುಕೊಂಡು ಹೋಗಿ. ಎಲ್ಲಿ ಎಳೆಯುತ್ತದೋ ಅಲ್ಲಿ ಸುಣ್ಣದ ಗುರುತು ಹಾಕಿ, ಕಿತ್ತು ತೆಗೆದ ಮೇಲೆಯೇ ಮಿಲ್ಲಿಗೆ ಒಯ್ಯಿರಿ. ಇನ್ನೊಂದು ಪರೀಕ್ಷೆ: ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಿ. ಗೋಡೆಯೊಳಗೆ ಹೂತಿದ್ದ ತುದಿಯನ್ನು ಗೆದ್ದಲು ತಿಂದಿದ್ದು, ನಡುಭಾಗ ಕಲ್ಲಿನಂತಿರುವುದು ಸಾಮಾನ್ಯ. ತುದಿ ಕತ್ತರಿಸಿ ಹಾಕಿದರಾಯಿತು.

ತೊಲೆಯಿಂದ ಅಗಲ ಹಲಗೆ ಕೊಯ್ಸುವುದು ಹೆಚ್ಚಿನ ಕೂಲಿಯ ಕೆಲಸ. ಹಾಗಾಗಿ ಜಂತಿಗಳನ್ನು ಕಾಲಿಗೂ ಅಡ್ಡಪಟ್ಟಿಗೂ ಬಳಸಿ, ಮೇಲ್ಮೈಗೆ ಪ್ಲೈವುಡ್ಡೇ ತನ್ನಿ ಎನ್ನುತ್ತೇನೆ. ಹಿಂದಿನ ಭಾಗದಲ್ಲಿ ಹೇಳಿದ ಒಂದೂವರೆ ಘನ ಅಡಿ ಕಟ್ಟಿಗೆಯ ಖರ್ಚು ಇಲ್ಲಿ ಉಳಿಯುತ್ತದೆ.

ಹೊಲದ ಬದುವಿನ ಬೇವು ಇಲ್ಲವೇ ಜಾಲಿ ಇದೆ, ಕಡಿಸಲೇ ಎಂದು ಕೇಳುವವರೂ ಇದ್ದಾರೆ. ಬಂಡಿಗೆ, ಕೃಷಿ ಉಪಕರಣಗಳಿಗೆ ಬಳಸುತ್ತಿದ್ದ ಜಾಲಿ ಕಾಲುಗಳಿಗೆ ಗಟ್ಟಿ ಕಟ್ಟಿಗೆ. ಬೇವಿಗೆ ಹುಳು ಕಡಿಮೆ, ಆದರೆ ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಉಜ್ಜುವಾಗ ಸಿಬಿರು ಏಳುತ್ತದೆ. ಎರಡಕ್ಕೂ ಕಾಯುವ ತಾಳ್ಮೆ ಬೇಕು. ನೆರಳಲ್ಲಿ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ರೂಢಿಯ ಲೆಕ್ಕ. ಮೂರು ಇಂಚಿನ ಕಾಲಿಗೆ ನೀವೇ ಎಣಿಸಿ.

ಇನ್ನೂ ಮೂರು ದಾರಿ

ಕೈಗೆ ಗರಗಸವೇ ಬರದವರಿಗೆ ಫ್ಲಶ್ ಬಾಗಿಲು. ಬಾಗಿಲಾಗಿ ಮಾರುವ ಈ ಹಲಗೆ ಸಿದ್ಧ ಗಾತ್ರದಲ್ಲೇ 30 ಅಥವಾ 35 ಮಿಲಿಮೀಟರ್ ದಪ್ಪ, ಎರಡೂವರೆ ಫೂಟು ಆಸುಪಾಸಿನ ಅಗಲದಲ್ಲಿ ಸಿಗುತ್ತದೆ. ಎರಡು ಕುದುರೆಗಾಲಿನ ಸ್ಟ್ಯಾಂಡ್ ಮೇಲೆ ಮಲಗಿಸಿದರೆ ಸಂಜೆಯೊಳಗೆ ಮೇಜು. ಅಗಲ ಸ್ವಲ್ಪ ಹೆಚ್ಚಾಯಿತು, ಮೇಲೆ ಹೇಳಿದ ಗೋಡೆಯ ಲೆಕ್ಕ ಬಿಗಿಯಾಗುತ್ತದೆ. ಒಳಗೆ ತುಂಬಿದ ಕಟ್ಟಿಗೆ ಪಟ್ಟಿಗಳ ನಡುವೆ ಸಂದು ಇರುವುದರಿಂದ ಸ್ಕ್ರೂ ಎಲ್ಲೆಡೆ ಹಿಡಿಯುವುದಿಲ್ಲ. ಕೋಣೆ ಉದ್ದವಿದ್ದರೆ, ಮನೆ ಬಾಡಿಗೆಯದಾದರೆ ಇದನ್ನು ಕಡೆಗಣಿಸಬೇಡಿ.

ಕಬ್ಬಿಣದ ಚೌಕ ಪೈಪಿನ ಕಾಲುಗಳನ್ನು ವೆಲ್ಡಿಂಗ್ ಮಾಡಿಸುವುದು ಇನ್ನೊಂದು ದಾರಿ. ಫೌಂಡ್ರಿ, ಫ್ಯಾಬ್ರಿಕೇಶನ್ ಕೆಲಸಕ್ಕೆ ಬೆಳಗಾವಿಯಲ್ಲಿ ಕೊರತೆಯಿಲ್ಲ. ಗಟ್ಟಿ, ಅಗ್ಗ, ಬೇಗ. ಆದರೆ ಟೊಳ್ಳು ಪೈಪು ಗಂಟೆಯ ಹಾಗೆ ಅನುರಣಿಸುತ್ತದೆ. ಒಣ ಮರಳು ತುಂಬಿಸಿ ಬಾಯಿ ಮುಚ್ಚಿಸಿದರೆ ಸುಮ್ಮನಾಗುತ್ತದೆ.

ರಬ್ಬರ್ ಮರದ ತುಂಡುಗಳನ್ನು ಜೋಡಿಸಿ ಮಾಡಿದ ಹಲಗೆಯೂ ದೊಡ್ಡ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ನೋಡಲು ತಿಳಿಬಣ್ಣದ ಅಸಲಿ ಕಟ್ಟಿಗೆ, ಬೆಲೆ ಸಾಗವಾನಿಗಿಂತ ಬಹಳ ಕಡಿಮೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಕೆಳಮುಖಕ್ಕೂ ಪಾಲಿಶ್ ಮಾಡಿಸಬೇಕು.

ಕುರ್ಚಿಯೋ, ಬೈಠಕ್ಕೋ

ಈಗ ತಬಲಾ ಮಾಸ್ತರರ ಪ್ರಶ್ನೆ. ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ ಇದೇ ಎಂದು ನನಗೆ ಅನ್ನಿಸುತ್ತದೆ, ಯಾಕೆಂದರೆ ಮಾರುಕಟ್ಟೆಯ ಸಿದ್ಧ ಮೇಜುಗಳೆಲ್ಲ ಕುರ್ಚಿಯನ್ನೇ ನಂಬಿಕೊಂಡಿವೆ. ಹಾರ್ಮೋನಿಯಂ, ತಬಲಾ, ತಂಬೂರಿ, ಏಕತಾರಿ ಯಾವುದೇ ಇರಲಿ, ಚಕ್ಕಳಮಕ್ಕಳ ಹಾಕಿ ಕೂತು ನುಡಿಸುವವರು ಒಂದು ಸಾಲು ಮುದ್ರಿಸಲು ಎದ್ದು ಕುರ್ಚಿಗೆ ಹೋಗಿ ಗುಂಡಿ ಒತ್ತಿ, ಮತ್ತೆ ಬಂದು ಕೂರುವುದು ಹಾಡಿನ ಹದವನ್ನೇ ಕೆಡಿಸುತ್ತದೆ. ಹಳೆ ಪೇಟೆಯ ಅಂಗಡಿಗಳಲ್ಲಿ ಗಾದಿಯ ಮೇಲೆ ಕೂತ ಗುಮಾಸ್ತರ ಮುಂದೆ ಇರುತ್ತಿದ್ದ ಗಿಡ್ಡ ಮೇಜನ್ನು ನೆನಪಿಸಿಕೊಳ್ಳಿ. 12ರಿಂದ 14 ಇಂಚು ಎತ್ತರ, ಮೂರು ಫೂಟು ಉದ್ದ, ಒಂದೂವರೆ ಫೂಟು ಅಗಲ, ಕೆಳಗೆ ಮಂಡಿ ತೂರುವಷ್ಟು ಜಾಗ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಮೌಸ್ ಮೂರಕ್ಕೂ ಸಾಕು.

ಗಿಡ್ಡ ಮೇಜಿಗೆ ಕಟ್ಟಿಗೆ ಬೇಕಾಗುವುದು ಕುರ್ಚಿ ಮೇಜಿನ ಅರ್ಧಕ್ಕಿಂತ ಕಡಿಮೆ. ಸಾಗವಾನಿಯ ಆಸೆ ಇರುವವರು ತೀರಿಸಿಕೊಳ್ಳಬೇಕಾದ ಜಾಗ ಇದು. ಮೇಲ್ಮೈ ಚಿಕ್ಕದಾದ್ದರಿಂದ ಪುಟಿತವೂ ಕಡಿಮೆ. ಆದರೆ ಸ್ಪೀಕರಿನ ಎತ್ತರ ಬದಲಾಗುತ್ತದೆ. ಕುರ್ಚಿಯಲ್ಲಿ ಕಿವಿ ನೆಲದಿಂದ 110ರಿಂದ 120 ಸೆಂಟಿಮೀಟರ್ ಮೇಲಿದ್ದರೆ, ನೆಲದ ಮೇಲೆ ಕೂತಾಗ ಸುಮಾರು ಮುಕ್ಕಾಲು ಮೀಟರ್. ಸ್ಪೀಕರಿನಲ್ಲಿ ಮೇಲ್ಸ್ವರ ನುಡಿಸುವ ಚಿಕ್ಕ ಟ್ವೀಟರ್ ಆ ಎತ್ತರಕ್ಕೇ ಬರಬೇಕು. ಇಟ್ಟಿಗೆ ಪೇರಿಸಿ ಮೇಲೊಂದು ಕಲ್ಲು ಹಾಸಿದರೂ ಸ್ಟ್ಯಾಂಡ್ ಆಗುತ್ತದೆ, ನಡುವೆ ರಬ್ಬರ್ ತುಂಡು ಇಡಿ. ನೆಲದಿಂದ ಪುಟಿಯುವುದನ್ನು ತಡೆಯಲು ಮುಂದೆ ದಪ್ಪ ಜಮಖಾನೆ ಹಾಸಬೇಕು. ಅದಂತೂ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಮೊಣಕಾಲು ನೋವಿನವರು, ಗಂಟೆಗಟ್ಟಲೆ ಕೂತು ಬೇರೆಯವರ ಹಾಡು ಮಿಶ್ರಣ (ಮಿಕ್ಸಿಂಗ್) ಮಾಡುವವರು ಮಾತ್ರ ಕುರ್ಚಿಯೇ ಸರಿ.

ಕುರ್ಚಿ ಮೇಜಿನ ಎತ್ತರ 29 ಇಂಚು ಇರಲಿ. ಕೀಬೋರ್ಡ್ ತಟ್ಟೆ ಮಾಡಿಸುವ ಮುನ್ನ ನಿಮ್ಮ ಕೀಬೋರ್ಡಿನ ದಪ್ಪ ಅಳೆಯಿರಿ. ಆರ್ಕೆಸ್ಟ್ರಾದವರು ಬಳಸುವ 61 ಮನೆಯ (ಕೀಲಿಯ), ತಾಳ ಹಿಮ್ಮೇಳವನ್ನು ತಾನೇ ನುಡಿಸುವ ಅರೇಂಜರ್ ಕೀಬೋರ್ಡುಗಳು ಹಲವು ನಾಲ್ಕೈದು ಇಂಚು ದಪ್ಪ. ಅವು ಮೇಜಿನಡಿ ತೂರಿದರೆ ಮಂಡಿಗೆ ಜಾಗ ಉಳಿಯುವುದಿಲ್ಲ. ಅವನ್ನು ಮೇಜಿನ ಮೇಲೆಯೇ ಇಟ್ಟು, ಪರದೆಯನ್ನು ಹಿಂದಿನ ಹಲಗೆಗೆ ಏರಿಸಿ. ಕಂಪ್ಯೂಟರಿನ ಮೂಲಕ ಸದ್ದು ಹೊರಡಿಸುವ ತೆಳು ಮಿಡಿ ಕೀಬೋರ್ಡಿಗೆ ಮಾತ್ರ ಜಾರುವ ತಟ್ಟೆ. 88 ಮನೆಯದ್ದು ನಾಲ್ಕು ಫೂಟಿಗಿಂತ ಉದ್ದ. ಪ್ಲೈವುಡ್ ಲೆಕ್ಕದ ತಟ್ಟೆಯಲ್ಲಿ ಕೂರುವುದಿಲ್ಲ. ಸ್ಟುಡಿಯೊ ಉಪಕರಣಗಳನ್ನು ಸ್ಕ್ರೂ ಹಾಕಿ ಕೂರಿಸುವ ಹತ್ತೊಂಬತ್ತು ಇಂಚಿನ ರ‍್ಯಾಕ್ ಗೂಡುಗಳನ್ನು ಚಿತ್ರ ನೋಡಿ ಮಾಡಿಸಿಕೊಂಡು ಅದರಲ್ಲಿ ಪುಸ್ತಕ ಇಡುವವರನ್ನು ಕಂಡಿದ್ದೇನೆ. ರ‍್ಯಾಕ್ ಉಪಕರಣ ಕೈಯಲ್ಲಿಲ್ಲದಿದ್ದರೆ ಗೂಡು ಬೇಡ.

ಹಾಗಾದರೆ ಯಾರಿಗೆ ಯಾವುದು

ಶಹಾಪುರದ ಕೀಬೋರ್ಡ್ ವಾದಕರಿಗೆ ಐಎಸ್ 710 ಪ್ಲೈವುಡ್ಡಿನ ಮೇಲ್ಮೈ, ನಟ್ ಬೋಲ್ಟಿನಿಂದ ಬಿಚ್ಚಬಹುದಾದ ಕಾಲುಗಳು. ಜೋಡಿ ಪದರದ ಮೇಲ್ಮೈ ಒಂದೇ 23, 24 ಕಿಲೊ ತೂಗುತ್ತದೆ, ಇಬ್ಬರು ಮೆಟ್ಟಿಲಲ್ಲಿ ಇಳಿಸಬಹುದು. ಜಮಖಂಡಿಯವರಿಗೆ ಸಾಧ್ಯವಾದರೆ ಹಳೆ ಜಂತಿಯ ಕಾಲು, 303 ದರ್ಜೆಯ ಮೇಲ್ಮೈ, ಉಳಿಸಿದ ಹಣಕ್ಕೆ ಎರಡು ಒಳ್ಳೆಯ ಸ್ಟ್ಯಾಂಡ್. ವಿಜಯಪುರದ ಮಾಸ್ತರರಿಗೆ ಸಾಗವಾನಿಯ ಗಿಡ್ಡ ಮೇಜು, ಕಣ್ಣು ಮುಚ್ಚಿ. ಕಾಲೇಜು ಓದುತ್ತ ಹೆಡ್‌ಫೋನಿನಲ್ಲೇ ಕೆಲಸ ಮಾಡುವವರಿಗೆ ಪುಟಿತದ ಚಿಂತೆಯೇ ಇಲ್ಲ. ಫ್ಲಶ್ ಬಾಗಿಲು ಸಾಕು. ಗಿರಾಕಿಗಳು ಬಂದು ಕೂರುವ ಸ್ಟುಡಿಯೊ ಎಂದು ಬೋರ್ಡ್ ಹಾಕುವ ಯೋಚನೆಯಿದ್ದರೆ ಸಾಗವಾನಿಯ ಅಂಚುಪಟ್ಟಿ, ಸಾಗವಾನಿಯ ವೆನೀರ್ (ಕಾಗದದಂಥ ತೆಳು ಪದರ) ಅಂಟಿಸಿದ ಪ್ಲೈವುಡ್ ತೆಗೆದುಕೊಳ್ಳಿ. ನೋಡುವವರಿಗೆ ಸಾಗವಾನಿ, ನಿಮಗೆ ಕದಲದ ಮೇಜು.

ಇನ್ವರ್ಟರನ್ನೂ ಅದರ ಬ್ಯಾಟರಿಯನ್ನೂ ಯಾವ ಮೇಜಿನ ಕೆಳಗೂ ಇಡಬೇಡಿ. ಕರೆಂಟು ಹೋದಾಗ ಅದರ ಗುಂಯ್ ಸದ್ದು ಮೈಕಿಗೂ, 50 ಹರ್ಟ್ಸಿನ ಗುಂಗು ಕೇಬಲ್ಲಿಗೂ ಸೇರುತ್ತದೆ.

ಹಲಗೆ ಕೊಯ್ಯಲು ಮನೆಯಲ್ಲಿ ಒದ್ದಾಡುವ ಬದಲು, ಯಂತ್ರವಿರುವ ಪ್ಲೈವುಡ್ ಅಂಗಡಿಗೆ ಅಳತೆಯ ಚೀಟಿ ಕೊಟ್ಟು ನೇರವಾಗಿ ಕೊಯ್ಸಿ ತನ್ನಿ. ಬಡಿಗೇರರಿಗೆ ಕಾಲು ಮತ್ತು ಜೋಡಣೆ ಮಾತ್ರ ಬಿಡಿ, ಕೂಲಿ ಅರ್ಧ ಇಳಿಯುತ್ತದೆ. ಪೂರ್ತಿ ಹಣ ಕೊಡುವ ಮುನ್ನ ಮೇಜಿನ ಮೇಲೆ ಎಲ್ಲ ಸಾಮಾನು ಇಟ್ಟು, ಮೊಬೈಲಿನ ಸ್ವರೋತ್ಪಾದಕ ಆ್ಯಪ್‌ ಅನ್ನು ಸ್ಪೀಕರಿಗೆ ಜೋಡಿಸಿ 40ರಿಂದ 200 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸಿ. ಎಲ್ಲಾದರೂ ಜರ್ ಎಂದರೆ ಆ ಜಾಗಕ್ಕೆ ಕೈಯಿಟ್ಟು ತೋರಿಸಿ. ಬೋಲ್ಟ್ ಬಿಗಿಯಬೇಕೋ ತಟ್ಟೆಯ ಜಾರುಪಟ್ಟಿಗೆ ಫೆಲ್ಟ್ ಅಂಟಿಸಬೇಕೋ ಅವರೇ ನೋಡಿ ಸರಿಮಾಡಿಕೊಟ್ಟು ಹೋಗಲಿ.